ಕವಿಯ ಎಲ್ಲೆಯೂ ಆಯೋಗದ ಎಲ್ಲೆಯೂ

ಗಡಿನಾಡಿನ ಸಭೆಗಳಲ್ಲಿಯೂ ಮನವಿಪತ್ರಗಳಲ್ಲಿಯೂ ಕವಿರಾಜಮಾರ್ಗದ ಒಂದು ಪದ್ಯ ತಪ್ಪದೆ ಬರುತ್ತದೆ. ಕಾವೇರಿ ಮತ್ತು ಗೋದಾವರಿ ಎಂಬ ಎರಡು ನದಿಗಳ ನಡುವಣ ನೆಲವನ್ನು ಕನ್ನಡನಾಡೆಂದು ಹೇಳುವ ಪದ್ಯವದು. ಒಂಬತ್ತನೆಯ ಶತಮಾನದ ಆ ಲಕ್ಷಣಗ್ರಂಥವನ್ನು ನಾವು ಹೆಮ್ಮೆಯಿಂದ ನೆನೆಯುವುದು ಸಹಜವೇ ಆಗಿದೆ. ಆದರೆ ಅದನ್ನು ಜಮೀನಿನ ಹಕ್ಕುಪತ್ರದಂತೆ ಓದುವುದು ಉಚಿತವೆ? ದಿನವೂ ಮಕ್ಕಳಿಗೆ ಪದ್ಯದ ಅರ್ಥ ಹೇಳುವ ಅಧ್ಯಾಪಕರಾದ ನಾವು ಈ ಪ್ರಶ್ನೆಯನ್ನು ವಿಚಾರಿಸಬೇಕಾಗಿದೆ.

ಹಕ್ಕುಪತ್ರವೆಂದೇ ಓದಿದರೆ ಏನಾಗುತ್ತದೆಂಬುದನ್ನು ಮೊದಲು ನೋಡೋಣ. ತಾಳವಾಡಿ, ನೀಲಗಿರಿ, ವಯನಾಡುಗಳು ಕಾವೇರಿಯ ದಕ್ಷಿಣಕ್ಕಿವೆ. ಆದುದರಿಂದ ಅಲ್ಲಿಯ ಕನ್ನಡಿಗರು ಈ ಪತ್ರದ ಪ್ರಕಾರ ಕನ್ನಡನಾಡಿನ ಹೊರಗೆ ಉಳಿಯುತ್ತಾರೆ. ಅಷ್ಟೇ ಅಲ್ಲ, ಮೈಸೂರು ನಗರವೂ ನಂಜನಗೂಡೂ ಚಾಮರಾಜನಗರವೂ ಹೊರಗಾಗುತ್ತವೆ! ಉತ್ತರದಲ್ಲಾದರೋ ಗೋದಾವರಿಯ ದಡದ ಪೈಠಣ, ನಾಂದೇಡುಗಳವರೆಗೆ ನಮ್ಮ ಹಕ್ಕು ಚಾಚಬೇಕಾಗುತ್ತದೆ. ಯಾವ ವಿವೇಕಿಯೂ ಇಂದು ಹಾಗೆ ಕೇಳುವುದಿಲ್ಲ. ನಮಗೆ ಬೇಕಾದ ದಿಕ್ಕಿನಲ್ಲಿ ಪದ್ಯವನ್ನು ಸಾಕ್ಷಿಗೆ ಕರೆದು, ಬೇಡವಾದ ದಿಕ್ಕಿನಲ್ಲಿ ಅದನ್ನು ಸುಮ್ಮನಿರಿಸುವುದು ವಿಮರ್ಶೆಯಲ್ಲ, ವಕೀಲಿಕೆ.

ಹಾಗಾದರೆ ಪದ್ಯದ ಅಭಿಪ್ರಾಯವೇನು? ಗ್ರಂಥಕಾರನು ಕಾವ್ಯ ಬರೆಯುವವರಿಗಾಗಿ ಗ್ರಂಥ ರಚಿಸುತ್ತಿದ್ದಾನೆ. ಅಳತೆಯ ಸರಪಳಿ ಅವನ ಕೈಯಲ್ಲಿಲ್ಲ. ನಾಡಿನ ವಿಸ್ತಾರವನ್ನು ಹೇಳಿದವನು ಕೂಡಲೇ ಒಳಕ್ಕೆ ತಿರುಗಿ, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶವನ್ನು ಕನ್ನಡದ ತಿರುಳೆಂದು ಕರೆಯುತ್ತಾನೆ. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ. ಮತ್ತೊಂದೆಡೆ ಅವನು ಕನ್ನಡವನ್ನು ಬಹುವಚನದಲ್ಲಿಯೇ ಹೇಳಿ, ದೇಶಭೇದಗಳು ಅಷ್ಟೊಂದಿರುವುದರಿಂದ ಅವುಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆನ್ನುತ್ತಾನೆ. ಗಟ್ಟಿಯಾದ ನಡುವೂ ಪರಿಪರಿಯಾದ ಅಂಚುಗಳೂ ಉಳ್ಳ ನಾಡು ಅವನ ಕಣ್ಣಿನಲ್ಲಿತ್ತು. ಅಂಚಿನಲ್ಲಿ ಬೇಲಿ ಇರಲಿಲ್ಲ.

ನಮ್ಮ ಕಾಲದ ಎಲ್ಲೆಯ ಗ್ರಂಥಗಳು ಬೇರೆ ಬಗೆಯವು. ಫಜಲ್ ಅಲಿ ಆಯೋಗದ ೧೯೫೫ರ ವರದಿಯ ತರುವಾಯ, ೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ೧೯೬೬ರ ಅಕ್ಟೋಬರದಲ್ಲಿ ನೇಮಕವಾದ ಮಹಾಜನ ಆಯೋಗವು ೧೯೬೭ರಲ್ಲಿ ವರದಿ ಒಪ್ಪಿಸಿತು. ಬೆಳಗಾವಿ ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕು. ೨೬೪ ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕಡೆಯಿಂದ ೨೪೭ ಹಳ್ಳಿಗಳು ಇತ್ತ ಬರಬೇಕು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಸೇರಬೇಕು ಎಂಬುದು ಅದರ ಸಾರ. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ, ಕೇರಳಗಳು ಒಪ್ಪಲಿಲ್ಲ. ವರದಿ ಜಾರಿಗೆ ಬರಲಿಲ್ಲ. ೨೦೦೪ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆ ಇನ್ನೂ ತೀರ್ಮಾನವಾಗಿಲ್ಲ. ೨೦೨೨ರ ಕೊನೆಯಲ್ಲಿ ಜತ್ತದ ಹಳ್ಳಿಗಳ ಮಾತು ಎದ್ದೊಡನೆ ಎರಡು ರಾಜ್ಯಗಳ ನಡುವಣ ಬಸ್ಸುಗಳು ನಿಂತುವು. ನಮ್ಮ ನೆರೆಹೊರೆಯ ನೆಮ್ಮದಿ ಎಷ್ಟು ತೆಳುವಾದುದೆಂಬುದು ಇದರಿಂದ ತಿಳಿಯುತ್ತದೆ. ಇದಕ್ಕೆ ಹೋಲಿಸಿದರೆ, ಪಾಟಸ್ಕರರ ಮಧ್ಯಸ್ಥಿಕೆಯಿಂದಾದ ಆಂಧ್ರ-ಮದರಾಸುಗಳ ಎಲ್ಲೆ ೧೯೬೦ರ ಏಪ್ರಿಲ್ ೧ರಂದು ಜಾರಿಗೆ ಬಂದು ನೆಲೆನಿಂತಿತು. ಇಬ್ಬರೂ ಒಪ್ಪಿದ ಗೆರೆ ನಿಲ್ಲುತ್ತದೆ. ಒಬ್ಬರೇ ಒಪ್ಪಿದ ಗೆರೆ ಎಷ್ಟು ನ್ಯಾಯವಾದುದಾದರೂ ಕಾಗದದಲ್ಲಿಯೇ ಉಳಿಯುತ್ತದೆ.

ಮಹಾಜನ ವರದಿಯ ನ್ಯಾಯವನ್ನು ನಾವು ಅಲ್ಲಗಳೆಯುವುದಿಲ್ಲ. ಕಾಸರಗೋಡಿನವರ ನೋವು ಸಣ್ಣದೆಂದೂ ಹೇಳುವುದಿಲ್ಲ. ಆದರೆ ಇಂತಹ ವಾದಗಳಿಗೆಲ್ಲ ಆಧಾರವಾದ ಜನಗಣತಿಯ ಪಟ್ಟಿಗೂ ಒಂದು ಮಿತಿಯುಂಟು. ಅದು ಒಬ್ಬ ಮನುಷ್ಯನಿಗೆ ಒಂದೇ ಮಾತೃಭಾಷೆಯ ಅಂಕಣವನ್ನು ಕೊಡುತ್ತದೆ. ಮಂಜೇಶ್ವರದ ಗೋವಿಂದ ಪೈಗಳ (೧೮೮೩–೧೯೬೩) ಮನೆಮಾತು ಕೊಂಕಣಿ. ಅಧ್ಯಾಪಕರೂ ಕಾಸರಗೋಡಿನ ವಿಲೀನ ಚಳವಳಿಯ ಕವಿಯೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳ (೧೯೧೫–೨೦೧೫) ಮನೆಮಾತು ತುಳು. ಧಾರವಾಡದ ಬೇಂದ್ರೆಯವರದು ಮರಾಠಿ. ಅಂಕಣವನ್ನೇ ನಂಬಿದರೆ ಈ ಮೂವರೂ ಕನ್ನಡದ ಲೆಕ್ಕಕ್ಕೆ ಬಾರದವರು! ಕನ್ನಡವನ್ನು ತಾಯಿಯಿಂದ ಪಡೆದವರ ಜೊತೆಗೆ ಶಾಲೆಯಿಂದ, ಯಕ್ಷಗಾನದಿಂದ, ನೆರೆಮನೆಯಿಂದ ಪಡೆದವರೂ ಸೇರಿ ಗಡಿನಾಡಿನ ಸಾಹಿತ್ಯವನ್ನು ಕಟ್ಟಿದ್ದಾರೆ. ಪದ್ಯ ಹೇಗೆ ಹಕ್ಕುಪತ್ರವಾಗಲಾರದೋ, ಪಟ್ಟಿಯೂ ಹಾಗೆಯೇ ಸಂಸ್ಕೃತಿಯ ಚರಿತ್ರೆಯಾಗಲಾರದು.

ಇದರಿಂದ ನಮಗೆ ಒದಗುವ ಕರ್ತವ್ಯವೇನು? ಎಲ್ಲೆಯ ತೀರ್ಪು ನ್ಯಾಯಾಲಯದ ಮತ್ತು ಸರಕಾರಗಳ ಕೈಯಲ್ಲಿದೆ. ಅದು ಬರುವವರೆಗೆ, ಬಂದ ಮೇಲೆಯೂ, ಗೆರೆಯ ಎರಡು ಪಕ್ಕಗಳಲ್ಲಿಯೂ ಅಲ್ಪಸಂಖ್ಯಾತರಾದ ಮಕ್ಕಳು ಇದ್ದೇ ಇರುವರು. ಪ್ರಾಥಮಿಕ ಹಂತದಲ್ಲಿ ಅವರಿಗೆ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲವಿರಬೇಕೆಂದು ಸಂವಿಧಾನದ ೩೫೦ಎ ವಿಧಿ ಹೇಳುತ್ತದೆ. ೧೯೫೬ರಲ್ಲಿ ಗೆರೆಗಳೊಡನೆಯೇ ಹುಟ್ಟಿದ ವಿಧಿಯದು. ಅಕ್ಕಲಕೋಟೆಯ ಕನ್ನಡ ಶಾಲೆಗೆ ಅದನ್ನು ಕೇಳುವ ನಾವು ಬೆಳಗಾವಿಯ ಮರಾಠಿ ಶಾಲೆಗೂ ಅದನ್ನು ಮನಸಾರೆ ಒಪ್ಪಬೇಕು. ಒಪ್ಪದಿದ್ದರೆ ನಮ್ಮ ಬೇಡಿಕೆಗೆ ಬಲವಿಲ್ಲ.

ಕವಿರಾಜಮಾರ್ಗದಲ್ಲಿಯೇ ಇನ್ನೊಂದು ಪದ್ಯವಿದೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತೆಂಬುದು ಅದರ ತಾತ್ಪರ್ಯ. ನದಿಗಳ ಪದ್ಯ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠವಾಗಿದೆ. ಈ ಪದ್ಯವನ್ನೂ ಅದರ ಜೊತೆಗೆ ಕಲಿಸಿದರೆ ಆ ಗ್ರಂಥವನ್ನು ನಾವು ಪೂರ್ತಿಯಾಗಿ ಓದಿದಂತಾಗುತ್ತದೆ.