ಟಿಲ್ಟ್: ನೋಡಿದ್ದು, ಕೊಂಡದ್ದು

ಚಿತ್ರವೊಂದನ್ನು ಮೆಚ್ಚಿ ಅದರ ಕಥಾನಾಯಕನನ್ನೇ ಮನೆಗೆ ಕೊಂಡು ತಂದವನು ಅದನ್ನು ವಿಮರ್ಶಿಸಬಹುದೆ? ಗ್ರೆಗ್ ಮಲೆಟಿಕ್ ಅವರ ‘ಟಿಲ್ಟ್’ ಎಂಬ ಸಾಕ್ಷ್ಯಚಿತ್ರದ ವಿಷಯದಲ್ಲಿ ನನ್ನ ಪಾಡು ಇದೇ. ಇಲ್ಲಿ ನಾಯಕ ಮನುಷ್ಯನಲ್ಲ, ಪಿನ್‌ಬಾಲ್ ಯಂತ್ರ. ಇಳಿಜಾರು ಹಲಗೆಯಲ್ಲಿ ಉರುಳಿ ಬರುವ ಉಕ್ಕಿನ ಗುಂಡನ್ನು ಎರಡು ಪುಟ್ಟ ರೆಕ್ಕೆಗಳಿಂದ ಮೇಲಕ್ಕೆ ಹೊಡೆಯುವ ಆಟ. ಯಂತ್ರವನ್ನು ಬಲವಾಗಿ ಅಲುಗಿಸಿದರೆ ಆಟ ನಿಲ್ಲುತ್ತದೆ. ಚಿತ್ರದ ಹೆಸರು ಅದರಿಂದಲೇ ಬಂದದ್ದು.

ವಿಡಿಯೋ ಆಟಗಳ ಎದುರು ಸೋಲುತ್ತಿದ್ದ ಪಿನ್‌ಬಾಲನ್ನು ಉಳಿಸಲು ಶಿಕಾಗೋದ ವಿಲಿಯಮ್ಸ್ ಕಂಪನಿ 1999ರಲ್ಲಿ ಹೊಸ ಬಗೆಯ ಯಂತ್ರವನ್ನು ತಂದಿತು. ಪರದೆಯ ಚಿತ್ರ ಗಾಜಿನಲ್ಲಿ ಪ್ರತಿಫಲಿಸಿ, ಗುಂಡು ಉರುಳುವ ಹಲಗೆಯ ಮೇಲೆಯೇ ನಿಂತಂತೆ ಕಾಣುತ್ತಿತ್ತು. ಯಂತ್ರಗಳು ಮಾರಾಟವೂ ಆದವು. ಆದರೂ ಅದೇ ವರ್ಷ ಅಕ್ಟೋಬರಿನಲ್ಲಿ ಕಂಪನಿ ಆ ವಿಭಾಗವನ್ನೇ ಮುಚ್ಚಿತು! ಕಟ್ಟಿದವರ ಬಾಯಿಂದಲೇ ಈ ಕಥೆಯನ್ನು ಹೇಳಿಸಿದ್ದು ಚಿತ್ರದ ದೊಡ್ಡ ಗುಣ. ಅವರ ಅಳಲಿಗೆ ನಾನು ಪೂರ್ತಿ ಸೋತೆ.

ಸೋತದ್ದಕ್ಕೆ ಗುರುತು, ನನ್ನ ನೆಲಮಾಳಿಗೆಯ ಹಳೆಯ ಯಂತ್ರ. ಸವೆದ ರಬ್ಬರು ಉಂಗುರ, ಸುಟ್ಟ ಬಲ್ಬುಗಳನ್ನು ಬದಲಿಸುತ್ತ ಎಷ್ಟೋ ರಾತ್ರಿ ಕಳೆದೆ. ಆಡಲು ನಿಂತಾಗ ಮಾತ್ರ ಏನೋ ಸಪ್ಪೆ. ನಾಣ್ಯ ಹಾಕದವನಿಗೆ ಗುಂಡು ಜಾರಿದರೇನು ನಷ್ಟ? ಹಿಂದೆ ಸರದಿಗೆ ಕಾದು ನಿಂತವರೂ ಇಲ್ಲ. ಉಳಿಸುವುದೆಂದರೆ ಕೊಂಡಿಟ್ಟುಕೊಳ್ಳುವುದೆಂದು ಚಿತ್ರ ಹೇಳಿಲ್ಲ, ನಿಜ. ನೋಡುವವನಿಗೆ ಆ ಆಸೆಯನ್ನಂತೂ ಹುಟ್ಟಿಸುತ್ತದೆ.

ಕಳೆದ ಭಾನುವಾರ ಪಕ್ಕದ ಮನೆಯ ಹುಡುಗಿ ಬಂದು ಆಡಿ ನನ್ನ ಅಂಕಗಳನ್ನು ದಾಟಿದಳು. ಅಂದು ರಾತ್ರಿ ಊಟ ಮುಗಿಸಿ ನಾನು ಮತ್ತೆ ಕೆಳಗಿಳಿದೆ.