ಹುಳಿ ಮೊದಲೋ, ಹೊಟ್ಟೆ ಮೊದಲೋ

ಗೋಲ್ಡ್ ಫಿಶ್‌ಗೆ ಜಠರವೇ ಇಲ್ಲ ಎಂದರೆ ವರ್ಷಗಟ್ಟಲೆ ಅಕ್ವೇರಿಯಂ ಇಟ್ಟವರೂ ನಂಬುವುದಿಲ್ಲ. ಅದರ ಅನ್ನನಾಳ ಮುಗಿಯುತ್ತಲೇ ಕರುಳು ಶುರು. ಕಾಟ್ಲಾ, ರೋಹುಗಳ ಕಥೆಯೂ ಇದೇ. ಎಲ್ಲವೂ ಕಾರ್ಪ್ ಬಳಗ. ಜಠರದ ಆಮ್ಲ ಪಂಪಿಗೆ ಎರಡು ಜೀನ್ ಬೇಕು: ಎಟಿಪಿ4ಎ ಮತ್ತು ಎಟಿಪಿ4ಬಿ. ಇದೇ ಬಳಗದ ಜೀಬ್ರಾ ಮೀನಿನ ಜೀನೋಮ್ ಜಾಲಾಡಿದರೂ ಅವು ಸಿಗುವುದಿಲ್ಲ. ಆಸ್ಟ್ರೇಲಿಯಾದ ಪ್ಲಾಟಿಪಸ್ಸೂ ಇವನ್ನು ಕಳೆದುಕೊಂಡಿದೆ.

ಮರಿ ಮಾಡಿಸುವ ಹುಚ್ಚಿರುವವರನ್ನು ಕಾಡುವುದು ಕ್ಲೌನ್ ಫಿಶ್. ಅದಕ್ಕೆ ಜೀನ್ ಇದೆ, ಆದರೆ ಮೊಟ್ಟೆಯೊಡೆಯುವಾಗ ಜಠರ ತಯಾರಾಗಿರುವುದಿಲ್ಲ. ಮಡಕೆಯ ಗೋಡೆಗೆ ಅಂಟಿದ ಮೊಟ್ಟೆಗಳಲ್ಲಿ ಬೆಳ್ಳಿಬಣ್ಣದ ಕಣ್ಣು ಮಿನುಗಿದರೆ ಮರಿ ಹೊರಬರುವ ರಾತ್ರಿ ಹತ್ತಿರವಾಯಿತೆಂದೇ ಅರ್ಥ. ಹೊರಬಂದ ಮರಿ ಗಾಜಿನಷ್ಟು ಪಾರದರ್ಶಕ. ಮುಂದೆ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿ ತಿನ್ನತೊಡಗಿದಾಗ ಕಿತ್ತಳೆ ಬಣ್ಣದ ಕರುಳು ಹೊರಗಿನಿಂದಲೇ ಕಾಣುತ್ತದೆ. ಅಲ್ಲಿ ಹುಳಿಯ ಸುಳಿವಿಲ್ಲ. ಪ್ರೋಟೀನು ಒಡೆಯುವುದು ಮೇದೋಜೀರಕದ ಟ್ರಿಪ್ಸಿನ್, ಅದೂ ಕ್ಷಾರದಲ್ಲಿ. ಜಠರಗ್ರಂಥಿಗಳು ಮೂಡುವ ಹೊತ್ತಿಗೆ ಆಮ್ಲದ ಜೀನ್‌ಗಳೂ, ಜಠರದಲ್ಲಿ ಪ್ರೋಟೀನು ಒಡೆಯುವ ಪೆಪ್ಸಿನ್‌ನ ಮೂಲರೂಪವಾದ ಪೆಪ್ಸಿನೋಜನ್‌ನ ಜೀನೂ ಚುರುಕಾಗುತ್ತವೆ. ನಮ್ಮ ಹೊಟ್ಟೆಯಲ್ಲಿ ಆಮ್ಲಕ್ಕೊಂದು ಕೋಶ, ಪೆಪ್ಸಿನೋಜನ್‌ಗೆ ಇನ್ನೊಂದು. ಮೀನಿನಲ್ಲಿ ಎರಡೂ ಒಂದೇ ಕೋಶದ ಪಾಲಿಗೆ. ಮರಿಯ ಜಠರ ತಯಾರಾಗುವ ಮೊದಲೇ ದೊಡ್ಡ ಮೀನಿನ ಗುಳಿಗೆಯನ್ನು ಪುಡಿಮಾಡಿ ಹಾಕಿದರೆ ನೀರು ಕೆಡುತ್ತದೆ, ಮರಿ ಸೊರಗುತ್ತದೆ.

ಕಪ್ಪೆಯದು ಇನ್ನೂ ವಿಚಿತ್ರ. ಆಫ್ರಿಕಾದ ಜೆನೋಪಸ್ ಕಪ್ಪೆಯ ಭ್ರೂಣ ಇನ್ನೂ ನಾಲ್ಕೇ ಕೋಶಗಳ ಮುದ್ದೆಯಾಗಿರುವಾಗಲೇ ಈ ಆಮ್ಲ ಪಂಪಿನ ಆರ್‌ಎನ್‌ಎ ಇರುತ್ತದೆ. ತಾಯಿ ಮೊಟ್ಟೆಯಲ್ಲೇ ತುಂಬಿಟ್ಟದ್ದು. ಹೊಟ್ಟೆಯೇ ಇಲ್ಲದಲ್ಲಿ ಹುಳಿ ಪಂಪಿಗೇನು ಕೆಲಸ? 2002ರಲ್ಲಿ ಮೈಕೆಲ್ ಲೆವಿನ್ ಮತ್ತು ಸಂಗಡಿಗರು ಪಂಪನ್ನು ಔಷಧದಿಂದ ತಡೆದು ನೋಡಿದರು. ಹಲವು ಗೊದಮೊಟ್ಟೆಗಳಲ್ಲಿ ಹೃದಯ, ಕರುಳುಗಳ ಎಡಬಲವೇ ಅದಲುಬದಲಾಯಿತು! ಪಂಪು ತೀರಾ ಮೊದಲಲ್ಲೇ ಎಡಬಲ ಗೊತ್ತುಮಾಡುತ್ತದೆ ಎಂಬುದು ಅವರ ವಾದ. ಜರ್ಮನಿಯ ಹೋಹನ್‌ಹೈಮ್ ವಿಶ್ವವಿದ್ಯಾಲಯದವರು 2012ರಲ್ಲಿ ಬೇರೆಯದೇ ಹೇಳಿದರು: ಮುಂದೆ ಮೂಡುವ ಸೂಕ್ಷ್ಮ ರೋಮಗಳು ದ್ರವವನ್ನು ಎಡಕ್ಕೆ ತಳ್ಳಬೇಕಾದರೆ ಈ ಪಂಪು ಬೇಕು. ನನ್ನ ಮತ ಇವರಿಗೆ. ರೋಮ, ಹರಿವು ಎಂದರೆ ಕಣ್ಣಿಗೆ ಕಟ್ಟುತ್ತದೆ.

ಮತ್ತೆ ಅಕ್ವೇರಿಯಂಗೆ ಬರೋಣ. ಕ್ಲೌನ್ ಮರಿಗೆ ಮೊದಲು ರೋಟಿಫರ್ ಎಂಬ ಸೂಕ್ಷ್ಮಜೀವಿ, ಆಮೇಲೆ ಆರ್ಟೀಮಿಯಾ. ಮೈಮೇಲೆ ಬಿಳಿ ಪಟ್ಟೆ ಮೂಡತೊಡಗಿದ ಮೇಲೆ ನಿಧಾನಕ್ಕೆ ಒಣ ಆಹಾರ ಬೆರೆಸಿ. ಗೋಲ್ಡ್ ಫಿಶ್‌ಗೆ ಕೂಡಿಟ್ಟುಕೊಳ್ಳುವ ಚೀಲವೇ ಇಲ್ಲ. ಬೆಳಿಗ್ಗೆ ಒಮ್ಮೆ ಸುರಿದು ಆಫೀಸಿಗೆ ಹೋಗುವ ಬದಲು ಚಿಟಿಕೆ ಚಿಟಿಕೆಯಾಗಿ ಎರಡು ಮೂರು ಸಲ ಹಾಕಿ.