ಕೊಂಡು ತಂದ ಗೀರುಗಳು

ಬೆಳಗಿನ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಫೋನು ಬಂದರೆ ಅದು ನ್ಯೂಜೆರ್ಸಿಯಿಂದ, ಮಗಳದ್ದು. ನಮಗೆ ಬೆಳಗು, ಅವರಿಗೆ ರಾತ್ರಿ. ದಿನವೂ ಊಟ, ನಿದ್ದೆ, ಮೊಮ್ಮಗಳ ಶೀತ ಇವುಗಳಲ್ಲೇ ಮುಗಿಯುವ ಮಾತು ಕಳೆದ ವರ್ಷ ಒಂದು ದಿನ ಮಾತ್ರ ನೇರ ವಿಷಯಕ್ಕೇ ಬಂತು. "ಅಮ್ಮಾ, ಅವನಿಗೆ ನೀನಾದರೂ ಒಂದು ಮಾತು ಹೇಳು. ಇನ್ನೊಂದು ಗಿಟಾರು ಬೇಕಂತೆ. ಆರು ಸಾವಿರ ಡಾಲರು!" (ಗಂಡನನ್ನು 'ಅವನು' ಎನ್ನುವುದು ನನ್ನ ಕಿವಿಗೆ ಇನ್ನೂ ಒಗ್ಗಿಲ್ಲ. ಇರಲಿ.) ನಾನು ಮನಸ್ಸಿನಲ್ಲೇ ರೂಪಾಯಿಗೆ ಲೆಕ್ಕ ಹಾಕಿ ಒಲೆ ಆರಿಸಿದೆ. ಐದು ಲಕ್ಷ ದಾಟಿತ್ತು.

ಮನೆಯಲ್ಲಿ ಆಗಲೇ ಎರಡು ಗಿಟಾರುಗಳಿವೆ. ಮೂರನೆಯದು ಬೇಕೆನ್ನುವುದು ಅಂಥ ಅಪರಾಧವೇನಲ್ಲ. ನನ್ನ ಬೀರುವಿನ ಸೀರೆಗಳನ್ನು ಎಣಿಸಿದವರು ನನ್ನನ್ನೂ ಬಿಡಲಾರರು. ಆದರೆ ಈ ಆರು ಸಾವಿರ ಬರಬೇಕಾದದ್ದು ಮಗಳು ಬೇರೆಯಾಗಿ ಎತ್ತಿಟ್ಟಿದ್ದ ದುಡ್ಡಿನಿಂದ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟವಳು, ಆರು ತಿಂಗಳ ಒಂದು ಕೋರ್ಸು ಮುಗಿಸಿಕೊಂಡು ಮತ್ತೆ ಸೇರಬೇಕೆಂದಿದ್ದಳು. "ಇಬ್ಬರದೂ ಒಂದೇ ಅಕೌಂಟ್ ತಾನೇ ಅಮ್ಮಾ" ಎಂದು ಅವಳೇ ಹೇಳಿ, ಅವಳೇ ಸುಮ್ಮನಾದಳು.

ಗಿಟಾರಿನ ವಿಷಯದಲ್ಲಿ ನನ್ನನ್ನು ತೀರ್ಪಿಗೆ ಕರೆಯಲು ಕಾರಣವಿದೆ. 2019ರಲ್ಲಿ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದಾಗ ಒಂದು ಭಾನುವಾರ ಮಗಳೇ, "ಮೆಣಸಿನ ಸಾರು ಕಾಯಿಸುತ್ತಾ ಎಷ್ಟು ದಿನ ಒಲೆ ಮುಂದೆ ನಿಂತಿರ್ತೀಯ, ಹೋಗಿ ಬಾ" ಎಂದು ಅಳಿಯಂದಿರ ಜೊತೆ ನನ್ನನ್ನು ನ್ಯೂಯಾರ್ಕಿಗೆ ಅಟ್ಟಿದಳು. ಅಲ್ಲಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ರಾಕ್ ಸಂಗೀತದ ವಾದ್ಯಗಳ ದೊಡ್ಡ ಪ್ರದರ್ಶನ ನಡೆದಿತ್ತು. ನಾನು ಚೋಳರ ಕಂಚಿನ ವಿಗ್ರಹಗಳನ್ನು ನೋಡಬಹುದೆಂದು ಹೋದವಳು, ಗಾಜಿನ ಪೆಟ್ಟಿಗೆಯಲ್ಲಿಟ್ಟ ಗಿಟಾರುಗಳ ಮುಂದೆ ಮೂರು ಗಂಟೆ ನಿಂತೆ. ಅವುಗಳಲ್ಲೊಂದು ಈಗಲೂ ಕಣ್ಣಮುಂದಿದೆ. ಕೆಂಪು ಮೈ, ಅದರ ಮೇಲೆ ಅಡ್ಡಾದಿಡ್ಡಿ ಕಪ್ಪು, ಬಿಳಿ ಪಟ್ಟಿಗಳು, ಬಣ್ಣ ಎದ್ದ ಅಂಚು, ಸಿಗರೇಟಿನ ಸುಟ್ಟ ಗುರುತು. ಗುಜರಿ ಅಂಗಡಿಯ ಮುಂದೆ ಇಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಳಿಯಂದಿರು ಮಾತ್ರ ಗರ್ಭಗುಡಿಯ ಮುಂದೆ ನಿಂತವರ ಹಾಗೆ ನಿಂತಿದ್ದರು.

ಅದು ಎಡ್ಡಿ ವ್ಯಾನ್ ಹೇಲನ್ ಎಂಬಾತನ ಗಿಟಾರು. ಹೆಸರು 'ಫ್ರಾಂಕೆನ್‌ಸ್ಟೈನ್', ಬೇರೆ ಬೇರೆ ಶವಗಳ ಅಂಗಾಂಗ ಸೇರಿಸಿ ಕಟ್ಟಿದ ಕಥೆಯ ಭೂತದ ನೆನಪಿಗೆ. ಹಾಲೆಂಡಿನಿಂದ ಎಳವೆಯಲ್ಲೇ ಅಮೆರಿಕಕ್ಕೆ ಬಂದ ಈ ಹುಡುಗನಿಗೆ ಅಂಗಡಿಯ ಯಾವ ಗಿಟಾರಿನಲ್ಲೂ ತನಗೆ ಬೇಕಾದ ನಾದ ಸಿಗಲಿಲ್ಲ. ಐವತ್ತು ಡಾಲರಿಗೆ ದೋಷವಿದ್ದ ಒಂದು ಮರದ ಮೈ, ಎಂಬತ್ತು ಡಾಲರಿಗೆ ಒಂದು ಕತ್ತು ತಂದ. ಬೇರೊಂದು ಗಿಟಾರಿನ ಪಿಕಪ್ ಕಿತ್ತು, ಅದು ಕಿರುಚದಿರಲೆಂದು ಕರಗಿಸಿದ ಮೇಣದಲ್ಲಿ ಅದ್ದಿ ಇದಕ್ಕೆ ಕೂರಿಸಿದ. ಸೈಕಲ್ಲಿಗೆ ಹೊಡೆಯುವ ಕೆಂಪು ಬಣ್ಣ ಹೊಡೆದ. ತಂತಿಗಳನ್ನು ಹಿಡಿದಿಡುವ ಲೋಹದ ಭಾಗ ಅಲ್ಲಾಡದಿರಲೆಂದು ಅದರಡಿ 1971ರ ಕಾಲು ಡಾಲರಿನ ನಾಣ್ಯವೊಂದನ್ನು ಇಟ್ಟು ಬಿಗಿದ. ಇರುವ ಒಂದೇ ತಿರುಗುಗುಂಡಿಯ ಮೇಲೆ 'ಟೋನ್' ಎಂದು ಬರೆದಿದೆ, ಕೆಲಸ ಮಾಡುವುದು ದನಿ ಏರಿಸಿ ಇಳಿಸುವುದು! ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡಿದ್ದ, ಅಷ್ಟೇ. 1978ರಲ್ಲಿ ಅವನ ತಂಡದ ಮೊದಲ ಆಲ್ಬಮ್ ಬಂದಾಗ ಗಿಟಾರು ನುಡಿಸುವವರೆಲ್ಲ ಬೆಚ್ಚಿಬಿದ್ದರಂತೆ.

ಇಷ್ಟಕ್ಕೇ ನಿಂತಿದ್ದರೆ ಅದು ಮೆಚ್ಚಬೇಕಾದ ಕಥೆ. 2007ರಲ್ಲಿ ಫೆಂಡರ್ ಕಂಪನಿಯವರು ಇದರ ಪಡಿಯಚ್ಚುಗಳನ್ನು ಮಾಡಿದರು. ಮುನ್ನೂರೇ ಮುನ್ನೂರು; ಒಂದರ ಬೆಲೆ ಇಪ್ಪತ್ತೈದು ಸಾವಿರ ಡಾಲರು. ಅದೇ ಬಣ್ಣ, ಅದೇ ಪಟ್ಟಿ, ಅದೇ ಜಾಗಗಳಲ್ಲಿ ಎದ್ದ ಚಕ್ಕೆ, ಸಿಗರೇಟಿನ ಅದೇ ಸುಟ್ಟ ಗುರುತು. ಹುಡುಕಿ ತಂದ 1971ರ ನಾಣ್ಯವೂ ಇದೆ, ತಪ್ಪು ಹೆಸರಿನ ಗುಂಡಿಯೂ ಇದೆ. ನೂರಮೂವತ್ತು ಡಾಲರಿನ ಸಾಮಾನಿನಿಂದ ಹುಟ್ಟಿದ್ದಕ್ಕೆ ಹತ್ತಿರ ಹತ್ತಿರ ಇನ್ನೂರು ಪಟ್ಟು ಬೆಲೆ!

ಹೆಸರು ಹೊತ್ತ ಗಿಟಾರುಗಳೆಲ್ಲ ಹೀಗೆಯೇ ಎಂದು ಹೇಳಿದರೆ ಅನ್ಯಾಯವಾದೀತು. ಗಿಬ್ಸನ್ ಕಂಪನಿ 1952ರಲ್ಲಿ ಲೆಸ್ ಪಾಲ್ ಎಂಬ ವಾದಕನ ಹೆಸರಿನಲ್ಲಿ ತಂದ ಗಿಟಾರು ಇಂದಿಗೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಫೆಂಡರ್‌ನವರು ಮೊದಲ ಬಾರಿಗೆ ವಾದಕನೊಬ್ಬನ ಹೆಸರಿಟ್ಟು ಮಾಡಿದ್ದು 1988ರಲ್ಲಿ, ಎರಿಕ್ ಕ್ಲಾಪ್ಟನ್‌ಗಾಗಿ. ಅದರ ಕತ್ತಿನ ಆಕಾರ ಅವನ ಹಸ್ತಕ್ಕೆ ಹೊಂದುವಂತೆ ಇತ್ತು, ಮಧ್ಯದ ಸ್ವರಗಳನ್ನು ದಪ್ಪಗೊಳಿಸುವ ವಿದ್ಯುತ್ ಜೋಡಣೆ ಒಳಗಿತ್ತು. ಆ ಬಗೆಯ ನಾದ ಬೇಕೆನ್ನುವವರು ಅದನ್ನು ಕೊಂಡರೆ ಉಪಯೋಗವುಂಟು. ಅನುಭವಸ್ಥ ಬಾಣಸಿಗ ತನ್ನ ಕೈಗೆ ತಕ್ಕಂತೆ ಮಾಡಿಸಿಕೊಂಡ ಸೌಟು ನಮಗೂ ಅನುಕೂಲವಾದೀತು. ಅಂಥದ್ದು ಸಾವಿರಗಟ್ಟಲೆ ತಯಾರಾಗುತ್ತದೆ, ಬೇಕೆಂದಾಗ ಸಿಗುತ್ತದೆ.

ನನ್ನ ತಕರಾರು ಇರುವುದು ಹಿಂಬದಿಯಲ್ಲಿ ನಂಬರು ಬರೆದು, ಪ್ರಮಾಣಪತ್ರ ಇಟ್ಟು, 'ಇಷ್ಟೇ ಇರುವುದು, ಆಮೇಲೆ ಸಿಗದು' ಎಂದು ಹೆದರಿಸಿ ಮಾರುವ ಜಾತಿಯ ಮೇಲೆ. ಅದೇ ಕ್ಲಾಪ್ಟನ್‌ನ ಇನ್ನೊಂದು ಕಥೆ ಕೇಳಿ. 1970ರಲ್ಲಿ ನ್ಯಾಶ್‌ವಿಲ್ ಎಂಬ ಊರಿನ ಅಂಗಡಿಯಲ್ಲಿ ಅವನು ಹಳೆಯ ಗಿಟಾರುಗಳನ್ನು ಅಗ್ಗದಲ್ಲಿ ಕೊಂಡ. ಮೂರನ್ನು ಗೆಳೆಯರಿಗೆ ಹಂಚಿದ. ಅವರಲ್ಲೊಬ್ಬ ರವಿಶಂಕರರ ಶಿಷ್ಯನೆಂದು ನಮಗೆಲ್ಲ ಗೊತ್ತಿರುವ ಜಾರ್ಜ್ ಹ್ಯಾರಿಸನ್. ಉಳಿದ ಮೂರರ ಒಳ್ಳೆಯ ಭಾಗಗಳನ್ನು ಸೇರಿಸಿ ತನಗೊಂದು ಮಾಡಿಕೊಂಡು 'ಬ್ಲ್ಯಾಕಿ' ಎಂದು ಕರೆದ. ವರ್ಷಗಟ್ಟಲೆ ನುಡಿಸಿದ. 2004ರಲ್ಲಿ ಅದು ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು, ಹಣ ವ್ಯಸನಿಗಳಿಗಾಗಿ ಅವನೇ ಕಟ್ಟಿದ ಚಿಕಿತ್ಸಾಲಯಕ್ಕೆ. ಅಲ್ಲಿಗೂ ಸರಿ. 2006ರಲ್ಲಿ ಅದರ 275 ಪಡಿಯಚ್ಚುಗಳು ಬಂದವು, ಒಂದೊಂದೂ ಇಪ್ಪತ್ತು ಸಾವಿರ ಡಾಲರಿನ ಆಸುಪಾಸು. ಮೂಲ ವಾದ್ಯದ ಸವೆತವನ್ನೆಲ್ಲ ನಕಲು ಮಾಡಿದ್ದರು.

ಇಂಗ್ಲಿಷಿನಲ್ಲಿ ಇದಕ್ಕೆ 'ರೆಲಿಕ್' ಎಂಬ ಹೆಸರು. 1995ರಿಂದ ಫೆಂಡರ್‌ನವರು ಹೊಸ ಗಿಟಾರನ್ನು ಕಾರ್ಖಾನೆಯಲ್ಲೇ ಉಜ್ಜಿ, ಗೀಚಿ, ಹಳತು ಮಾಡಿ ಮಾರುತ್ತಿದ್ದಾರೆ. ನಗಬೇಡಿ. ಚಿನ್ನದಂಗಡಿಯಲ್ಲಿ 'ಆಂಟಿಕ್ ಫಿನಿಶ್' ಎಂದು ಮಸಿ ಹಿಡಿಸಿದ ಹೊಸ ಸರಕ್ಕೆ ಹೆಚ್ಚು ಮಜೂರಿ ಕೊಟ್ಟು ತಂದವರು ನಾವೂ ಇದ್ದೇವೆ. ಅಜ್ಜಿಯ ನಿಜವಾದ ಹಳೆಯ ಸರವನ್ನು ಕರಗಿಸಲು ಕೊಟ್ಟು ಅದನ್ನು ತಂದವರೂ ಇದ್ದೇವೆ!

ಇನ್ನು ನಾದದ ಮಾತು. ವೀಣೆಯಲ್ಲಿ ನಾದ ಹುಟ್ಟುವುದು ಹಲಸಿನ ಮರದ ಟೊಳ್ಳು ಕೊಡದಿಂದ. ಮರ ಬದಲಾದರೆ ದನಿಯೇ ಬದಲು. ಎಲೆಕ್ಟ್ರಿಕ್ ಗಿಟಾರಿನ ಮೈ ಸಾಮಾನ್ಯವಾಗಿ ಗಟ್ಟಿ ಹಲಗೆ. ತಂತಿಯ ಕೆಳಗೆ ಅಯಸ್ಕಾಂತಕ್ಕೆ ಕೂದಲೆಳೆಯಷ್ಟು ಸಪೂರದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಪಿಕಪ್ ಇರುತ್ತದೆ. ಉಕ್ಕಿನ ತಂತಿ ಕಂಪಿಸಿದಾಗ ಅದರಲ್ಲಿ ಸಣ್ಣ ವಿದ್ಯುತ್ತು ಹುಟ್ಟಿ ಆಂಪ್ಲಿಫೈಯರಿಗೆ ಹೋಗಿ ದನಿಯಾಗುತ್ತದೆ. ಆದ್ದರಿಂದ ಕೇಳಬೇಕಾದ್ದು ಪಿಕಪ್ ಹೇಗಿದೆ, ಕತ್ತು ನೆಟ್ಟಗಿದೆಯೇ, ಮೆಟ್ಟಿಲುಗಳು ಸಮವಾಗಿವೆಯೇ, ಆಂಪ್ಲಿಫೈಯರ್ ಯಾವುದು ಎಂದು. ಎಲ್ಲಕ್ಕಿಂತ ಮೊದಲು ಬೆರಳು. ಹೊಟ್ಟೆಯ ಮೇಲಿನ ಗೀರಿಗೂ ಸ್ವರಕ್ಕೂ ಸಂಬಂಧವಿಲ್ಲ. ಬಳಸಿ ನುಣುಪಾದ ಕತ್ತು ಹೊಸ ಮೆರುಗಿನ ಕತ್ತಿಗಿಂತ ಕೈಗೆ ಹಿತ ಎನ್ನುತ್ತಾರೆ, ಅದನ್ನು ಒಪ್ಪೋಣ. ಅದೇ ಹಿತಕ್ಕೆ ಇಷ್ಟೊಂದು ಸಾವಿರ ಬೇಕಾಗಿಲ್ಲ, ಎರಡು ವರ್ಷದ ಅಭ್ಯಾಸ ಸಾಕು. (ಬೆರಳಿಡುವ ಹಲಗೆಗೆ ಎಷ್ಟೋ ಗಿಟಾರುಗಳಲ್ಲಿ ನಮ್ಮ ಘಟ್ಟದ ಬೀಟೆಯ ಜಾತಿಯದೇ ಮರ. 2017ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಿದ್ದು, ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ತವರಿನ ಮರವನ್ನು ಅಷ್ಟು ದೂರ ಕಂಡು ನನಗೆ ಸುಮ್ಮನೆ ಹಿಗ್ಗಾಯಿತು.)

ಈ ಎಲ್ಲ ಕಥೆಗಳಲ್ಲಿ ನನಗೆ ಹತ್ತಿರದ್ದು ಬ್ರಯಾನ್ ಮೇ ಎಂಬಾತನದು. ಪಂಚಗಣಿಯ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ ಫ್ರೆಡ್ಡಿ ಮರ್ಕ್ಯುರಿ ಹಾಡುತ್ತಿದ್ದ 'ಕ್ವೀನ್' ತಂಡದ ಗಿಟಾರು ವಾದಕ. ಮುಂದೆ ಖಗೋಳಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು. 1963ರಲ್ಲಿ, ಹದಿನಾರರ ಹುಡುಗನಿಗೆ ಗಿಟಾರು ಬೇಕಿತ್ತು, ಕೊಳ್ಳುವ ಶಕ್ತಿ ಮನೆಗಿರಲಿಲ್ಲ. ಅಪ್ಪ ಮಗ ಕೂತು ಸುಮಾರು ಎರಡು ವರ್ಷ ತೆಗೆದುಕೊಂಡು ಒಂದನ್ನು ಮಾಡಿದರು. ಕತ್ತಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ಸ್ಪ್ರಿಂಗು ಹಳೆಯ ಮೋಟರ್ ಸೈಕಲ್ಲಿನದು. ಬೆರಳಿಡುವ ಜಾಗ ತೋರಿಸುವ ಬಿಳಿ ಚುಕ್ಕೆಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಸ್ವರ ಬಾಗಿಸುವ ಕಡ್ಡಿಯ ತುದಿಗೆ ಅಮ್ಮನದೇ ಹೆಣಿಗೆ ಕಡ್ಡಿಯ ತುಂಡು! ಒಟ್ಟು ಖರ್ಚು ಸುಮಾರು ಎಂಟು ಪೌಂಡು. ಅದನ್ನು ಅವನು ಆರು ಪೆನ್ಸಿನ ನಾಣ್ಯದಿಂದ ಮೀಟುತ್ತಾನೆ. ಮೊಮ್ಮಗಳಿಗೆ ಈ ಕಥೆಯನ್ನು ಅವಳಪ್ಪ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಆ ಗುಂಡಿಗಳು ಕಾಣೆಯಾದ ದಿನ ತಾಯಿ ಏನೆಂದಳೋ ಎಂದು ನಾನು ಯೋಚಿಸುತ್ತೇನೆ.

ಇದನ್ನೆಲ್ಲ ಕಲಿಸಿದ್ದು ಅಳಿಯಂದಿರೇ. ಅವರ ಪಾಠವನ್ನೇ ಅವರಿಗೆ ಒಪ್ಪಿಸಿದೆ. "ಈ ಮೂವರೂ ಅಂಗಡಿಯಲ್ಲಿ ಸಿಗದ್ದನ್ನು ಕೈಯಾರೆ ಮಾಡಿಕೊಂಡವರು. ನೀವು ಅವರ ಹಾಗೆ ಆಗಲು ಅಂಗಡಿಗೆ ಹೋಗುತ್ತಿದ್ದೀರಲ್ಲ? ನುಡಿಸುವುದಕ್ಕಾದರೆ ಸಾವಿರದ ಒಳಗಿನದು ಸಾಕು. ಮುಂದೆ ಬೆಲೆ ಬರುತ್ತದೆಂದರೆ, ಹಾಗೆ ಇಡುವುದಕ್ಕೆ ಮುಟ್ಟದೆ ಪೆಟ್ಟಿಗೆಯಲ್ಲಿಡಬೇಕು. ಕೋಟಿಗಟ್ಟಲೆ ಕೊಡುವವರು ಮೂಲಕ್ಕೆ ಕೊಡುತ್ತಾರೆ, ಪಡಿಯಚ್ಚಿಗಲ್ಲ. ದುಡ್ಡು ಯಾರ ಕೋರ್ಸಿನದು ಎಂದು ನಾನು ಹೇಳಬೇಕಾಗಿಲ್ಲ." ಇಷ್ಟು ಖಾರವಾಗಿ ಅಳಿಯನ ಹತ್ತಿರ ಮಾತಾಡಿದ್ದು ಅದೇ ಮೊದಲು.

ಅವರು ಸಿಟ್ಟಾಗಲಿಲ್ಲ. "ನೀವು ಹೇಳಿದ್ದು ಸರಿ ಅತ್ತೆ. ಆದರೆ ದಾವಣಗೆರೆಯಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಈತನ ಕ್ಯಾಸೆಟ್ಟು ಸವೆಯುವಷ್ಟು ಕೇಳಿದ್ದೆ. ಒಂದು ಗಿಟಾರು ಕೊಡಿಸಿ ಅಂದರೆ ಅಪ್ಪ ಸಿಇಟಿ ಮುಗೀಲಿ ಅಂದರು. ಸಿಇಟಿ ಮುಗಿದ ಮೇಲೆ ಕೇಳುವ ಧೈರ್ಯ ನನಗೇ ಉಳಿಯಲಿಲ್ಲ" ಎಂದರು. (ಯಾರ ಹೆಸರಿನ ಗಿಟಾರೆಂದು ಬರೆಯುವುದಿಲ್ಲ, ಮನೆಯ ಅಳಿಯ.)

ಅಲ್ಲಿ ನನ್ನ ಬಾಯಿ ಕಟ್ಟಿತು. ನನ್ನ ಅಟ್ಟದ ಮೇಲೆ ಹಳೆಯ ಜಮಖಾನ ಸುತ್ತಿದ ಒಂದು ವೀಣೆ ಇದೆ. ಮದುವೆಗೆ ಮುಂಚೆ ಅಪ್ಪ ಮೈಸೂರಿನಿಂದ ತರಿಸಿದ್ದು. ಹೆಣ್ಣು ನೋಡಲು ಬಂದವರ ಮುಂದೆ ನುಡಿಸಿದ್ದೆ, ಇವರ ಕಡೆಯವರು ತಲೆದೂಗಿದ್ದರು. ಬೇಡ ಎಂದು ಈ ಮನೆಯಲ್ಲಿ ಯಾರೂ ಹೇಳಲಿಲ್ಲ. ನುಡಿಸು ಎಂದೂ ಹೇಳಲಿಲ್ಲ. ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಹಿಡಿದಿದ್ದ ಮೇಣ ಒಡೆದು ಎಷ್ಟೋ ವರ್ಷವಾಯಿತು. ಮೇಳ ಕಟ್ಟಿಸಬೇಕು, ಕಟ್ಟಿಸಬೇಕು ಎನ್ನುತ್ತಾ ನಾನೇ ಮಿಕ್ಸಿ ಕೊಂಡೆ, ಫ್ರಿಜ್ಜು ಕೊಂಡೆ. ಅದರ ಮೇಲೂ ಒಂದು ಗೀರಿಲ್ಲ. ಹದಿನಾಲ್ಕರ ಹುಡುಗನ ಆಸೆಗೆ ಬೆಲೆ ಕಟ್ಟಲು ನಾನು ಯಾರು ಎನಿಸಿದ್ದು ನಿಜ. ಹಾಗೆಂದು ಅಭಿಪ್ರಾಯ ಬದಲಿಸಲಿಲ್ಲ. ಆ ಹುಡುಗನಿಗೆ ಬೇಕಾಗಿದ್ದದ್ದು ಒಂದು ಗಿಟಾರು, ನಂಬರು ಬರೆದದ್ದಲ್ಲ. ಅದು ಅವರ ಮನೆಯಲ್ಲಿ ಆಗಲೇ ಎರಡಿತ್ತು.

ಗಿಟಾರು ಬಂತು. ಮಗಳ ಕೋರ್ಸು ಮುಂದಿನ ವರ್ಷಕ್ಕೆ ಹೋಯಿತು. ಅವಳು ಅದರ ಬಗ್ಗೆ ಮಾತಾಡುವುದಿಲ್ಲ, ನಾನು ಕೇಳುವುದಿಲ್ಲ. ಪೆಟ್ಟಿಗೆಯ ಒಳಗೆ ಕೆಂಪು ಮಖಮಲ್ಲು, ಪ್ರಮಾಣಪತ್ರ, ಒರೆಸುವ ಬಟ್ಟೆ ಎಲ್ಲ ವಿಡಿಯೋದಲ್ಲಿ ತೋರಿಸಿದರು. ಮೈಮೇಲೆ ನೂರಾರು ಗೀರು, ಚಕ್ಕೆ ಎದ್ದ ಬಣ್ಣ. ಭಾನುವಾರಗಳಂದು ಹೊರಬರುತ್ತದಂತೆ, ಅರ್ಧ ಗಂಟೆ.

ಮೊನ್ನೆ ಬೆಳಿಗ್ಗೆ ಫೋನು ಬಂದಾಗ ಹಿಂದೆ ಮೊಮ್ಮಗಳು ಅಳುವುದು ಕೇಳಿಸಿತು. ಪೆಟ್ಟಿಗೆ ತೆರೆದಿತ್ತಂತೆ. ಅಪ್ಪ ಹೇಳಿದ ಕಥೆಯಂತೆ ನಾಣ್ಯವೊಂದನ್ನು ಹಿಡಿದು ಮೀಟಲು ಹೋಗಿದ್ದಾಳೆ, ಕೈ ಜಾರಿದೆ, ತಂತಿಯ ಕೆಳಗೆ ಒಂದು ಗೀರು ಬಿದ್ದಿದೆ. ಅಪ್ಪ ಜೋರು ಮಾಡಿದ್ದಾರೆ.

"ಅಲ್ವೇ, ಅಷ್ಟೊಂದು ಗೀರುಗಳ ನಡುವೆ ಇದು ಹೊಸದು ಅಂತ ಅವರಿಗೆ ಹೇಗೆ ಗೊತ್ತಾಯಿತೇ?" ಎಂದೆ.

"ಅವನಿಗೆ ಒಂದೊಂದೂ ಬಾಯಿಪಾಠ ಅಮ್ಮಾ" ಎಂದಳು.